ಚಾರ್ಜ್ ತಗೊಂಡೆ ಅನ್ನುವ ತನಕ

ನಮ್ಮ ಕಾಕಾನ ಕೈಗೆ ಏನನ್ನಾದರೂ ಕೊಟ್ಟು "ಒಂದೀಟು ನೋಡ್ಕೋರಿ" ಅನ್ನುವ ಮುಂಚೆ ಹತ್ತು ಸಲ ಯೋಚನೆ ಮಾಡಿ! ಕಳೆದುಹೋಗುತ್ತದೆ ಅನ್ನುವ ಭಯವೇ ಬೇಡ. ಅದನ್ನು ವಾಪಸ್ ಪಡೆಯುವುದೇ ಕಷ್ಟ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮುದ್ದೇಬಿಹಾಳದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಮನೆಯಲ್ಲಿ ಹೇಳದೆ ಕೇಳದೆ ನೌಕಾಪಡೆ ಸೇರಿದವರು. ಕೆರೆ, ಹೊಳೆ ಬಿಟ್ಟರೆ ಬೇರೆ ನೀರು ಕಾಣದ ಮನೆತನ ನಮ್ಮದು. ಸುದ್ದಿ ಕೇಳಿ ಅಜ್ಜಿ ಊಟ ಬಿಟ್ಟಿದ್ದರಂತೆ. ಕಾಕಾ ಮಾತ್ರ ಯುದ್ಧನೌಕೆಗಳ ತಳದಲ್ಲಿ, ಇಂಜಿನ್ ಪಕ್ಕದಲ್ಲಿ ನಿಂತು ಬೆವರಿ, ದೊಡ್ಡ ಅಧಿಕಾರಿಯಾಗಿ, ನಿವೃತ್ತರಾಗಿ ಮತ್ತೆ ಮುದ್ದೇಬಿಹಾಳಕ್ಕೇ ಬಂದಿಳಿದರು. ಕಟ್ಟೆ ಮೇಲೆ ಕೂತವರು ಸುಮ್ಮನಿರುತ್ತಾರೆಯೇ?

"ಸಮುದ್ರ ಹ್ಯಾಂಗಿರ್ತೈತ್ರಿ ಸಾಹೇಬ್ರ?"

"ಮ್ಯಾಲ ನಿಂತವರ್ನ ಕೇಳ್ರಿ. ನಾ ತಳದಾಗಿದ್ದೆ. ಅಲ್ಲಿ ಹಿಟ್ಟಿನ ಗಿರಣಿ ಇದ್ದಂಗಿತ್ತು, ಹಿಟ್ಟೊಂದು ಇರಲಿಲ್ಲ!"

ಆ ಗಿರಣಿಯಿಂದಲೇ ಕಾಕಾ ಒಂದು ಖಯಾಲಿ ಹೊತ್ತು ತಂದರು. ಇಂಜಿನ್ ಕೋಣೆಯಲ್ಲಿ ನಾಲ್ಕು ತಾಸಿನ ಪಾಳಿ. ಮುಂದಿನ ಪಾಳಿಯವನು ಬಂದರೆ ಸಾಲದು. ಎಣ್ಣೆ ಎಷ್ಟಿದೆ, ಯಾವ ಪಂಪು ನಡೆದಿದೆ, ಯಾವುದು ಬಿಸಿಯಾಗಿದೆ ಎಲ್ಲವನ್ನೂ ಕೇಳಿಸಿಕೊಂಡು "ಚಾರ್ಜ್ ತಗೊಂಡೆ" ಅಂತ ಬಾಯಿಬಿಟ್ಟು ಹೇಳಬೇಕು. ಅಲ್ಲಿಯ ತನಕ ಮೊದಲಿನವನು ಕದಲುವಂತಿಲ್ಲ. ಹಡಗಿಗೆ ಇದು ಸರಿ. ಮುದ್ದೇಬಿಹಾಳಕ್ಕೂ ಬೇಕೇ? ಕಾಕಾನ ಪ್ರಕಾರ ಬೇಕು!

ಒಮ್ಮೆ ನಮ್ಮ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕಾಕಾನನ್ನು ಬಸ್ ಹತ್ತಿಸಲು ಹೋಗಿದ್ದೆ. ಸಿಂದಗಿಗೆ ಹೊರಟ ಹೆಣ್ಣುಮಗಳೊಬ್ಬಳು "ಈ ಚೀಲ ಒಂದೀಟು ನೋಡ್ಕೋರಿ ಯಪ್ಪಾ" ಅಂದು ಮಾಯವಾದಳು. ಮುದ್ದೇಬಿಹಾಳದ ಬಸ್ಸು ಬಂತು, ಹೋಯಿತು. ಇನ್ನೊಂದೂ ಬಂತು, ಹೋಯಿತು. ಕಾಕಾ ಚೀಲದ ಪಕ್ಕ ನೆಟ್ಟಗೆ ನಿಂತೇ ಇದ್ದರು. ಕೊನೆಗೆ ಆಕೆ ಬಂದು ಚೀಲಕ್ಕೆ ಕೈ ಹಾಕಿದಳು.

"ಹಂಗ ಒಯ್ಯಾಕ ಬರೂದಿಲ್ರಿ. ಮೊದಲ ಚಾರ್ಜ್ ತಗೋರಿ."

"ಏನ್ ತಗೋಬೇಕ್ರಿ?"

"ಚೀಲ ಒಂದು. ಜಿಪ್ ಅರ್ಧ ತೆರದೈತಿ, ನೀವು ಕೊಟ್ಟಾಗೂ ತೆರದಿತ್ತು. ಎರಡು ಪೇರಲಹಣ್ಣು ಹೊರಗ ಉಳ್ಳ್ಯಾಡಿದ್ವು. ಒಂದು ಒಳಗ ಇಟ್ಟೇನಿ. ಇನ್ನೊಂದು ಆಕಳ ತಿಂದೈತಿ."

ಆಕೆ ಗಾಬರಿಯಾಗಿ ಜನ ಸೇರಿಸಿಬಿಟ್ಟಳು! "ಯವ್ವಾ, ತಗೊಂಡೆ ಅಂತ ಒಂದ್ ಮಾತು ಅಂದ್ಬಿಡ್ರಿ" ಅಂತ ನಾನು ಕೈಮುಗಿದ ಮೇಲೆಯೇ ಸಿಂದಗಿಯ ಚೀಲ ಸಿಂದಗಿಗೆ ಹೋಗಿದ್ದು.

ಇಂಡಿಯಲ್ಲಿ ನನ್ನ ಮದುವೆಯಾಯಿತು. ಅಡಿಗೆಯವನು ಎಲೆ ಅಡಿಕೆ ಹಾಕಿಕೊಂಡು ಬರಲು ಹೊರಟವನು, ಅಲ್ಲೇ ನಿಂತಿದ್ದ ಕಾಕಾನಿಗೆ "ಹುಗ್ಗಿ ತಳಾ ಹತ್ತದಂಗ ನೋಡ್ರಿ ಸಾಹೇಬ್ರ" ಅಂದಿದ್ದಾನೆ. ಮುಗಿಯಿತು! ಮಂಟಪದಲ್ಲಿ ಅಕ್ಕಿಕಾಳು ಬಿತ್ತು, ಫೋಟೊ ತೆಗೆದರು, ಉಡುಗೊರೆ ಕೊಡುವ ಆಹೇರಿಯೂ ಆಯಿತು. ಕಾಕಾ ಎಲ್ಲಿ? ರೇಷ್ಮೆ ಅಂಗಿ ತೊಟ್ಟು, ಸೌಟು ಹಿಡಿದು ಒಲೆಯ ಮುಂದೆ! ನನ್ನ ಮದುವೆಯ ಒಂದು ಫೋಟೊದಲ್ಲೂ ಅವರಿಲ್ಲ. ಹುಗ್ಗಿ ಮಾತ್ರ ಬಹಳ ಚೆನ್ನಾಗಿತ್ತು ಅಂತ ಬೀಗರು ಇವತ್ತಿಗೂ ಹೇಳುತ್ತಾರೆ.

ಇಂಥವರ ಜೊತೆ ಸಂಸಾರ ಮಾಡುವವರ ಗತಿ ಏನು? ಕಾಕಾನ ಹೆಂಡತಿ, ನಮ್ಮ ಕಾಕು, ಮನಗೂಳಿಯ ತವರಿಗೆ ಎರಡು ದಿನ ಹೋಗಬೇಕಾದರೂ ಅಡಿಗೆಮನೆಯ ಚಾರ್ಜ್ ಕೊಟ್ಟೇ ಹೋಗಬೇಕು.

"ಎಡಗಡೆ ಒಲಿ ಸಣ್ಣಗ ಉರೀತೈತಿ. ಹಾಲು ಕಾಸೇನಿ. ಬೆಕ್ಕು ಹೊರಗೈತಿ, ಗಂಡ ಒಳಗದಾನ. ತಗೊಂಡ್ರೋ ಇಲ್ಲೋ?"

"ತಗೊಂಡೆ" ಅನ್ನುತ್ತಿದ್ದರು ಕಾಕಾ, ಗಂಭೀರವಾಗಿ.

ಕಾಕು ನನ್ನ ಕಡೆ ತಿರುಗುತ್ತಿದ್ದರು. "ನೋಡವ್ವ, ನಮ್ಮಪ್ಪ ಕೈ ಹಿಡಿಸಿ ಕೊಟ್ಟ, ಇವರು ತಗೊಂಡ್ರು. ಅವತ್ತಿಂದ ಡ್ಯೂಟಿ ಮಾಡಾಕತ್ತಾರ! ಒಂದಿನಾರ ಪ್ರೀತಿ ಮಾತು ಆಡ್ಯಾರೇನ ಕೇಳು."

"ಡ್ಯೂಟಿ ಸರಿ ಆಗೇತಿಲ್ಲ?" ಅನ್ನುವುದು ಪೇಪರಿನ ಹಿಂದಿನಿಂದ ಬರುವ ಉತ್ತರ.

ನಾವೆಲ್ಲ ನಗುತ್ತಿದ್ದೆವು. ಕಾಕುವೂ ನಗುತ್ತಿದ್ದರು. ಆದರೆ ಪ್ರತಿ ಸಲವೂ ಆ ಪೇಪರು ಕೆಳಗಿಳಿದೀತೇನೋ ಅಂತ ಒಂದು ಕ್ಷಣ ಕಾಯುತ್ತಿದ್ದರು. ಅದು ಇಳಿಯುತ್ತಿರಲಿಲ್ಲ. ನನಗೆ ಆಗ ಕಾಕಾನ ಮೇಲೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಕಾಕುಗೆ ಎದೆನೋವು ಬಂತು. ವಿಜಯಪುರದ ದವಾಖಾನೆಗೆ ಸೇರಿಸಿದೆವು. ಮರುದಿನ ಬೆಳಿಗ್ಗೆ ಆಪರೇಷನ್, ಏನೂ ಹೇಳಲಾಗದು ಅಂದರು ಡಾಕ್ಟರು. ಕಾಕಾ ಕಾಕುಗೆ ಮಕ್ಕಳಿಲ್ಲ. ಅಣ್ಣತಮ್ಮಂದಿರ ಮಕ್ಕಳು ನಾವೇ ಓಡಿಬಂದೆವು. ಕಾಕಾ ಕೂಡಲೇ ನಮಗೆಲ್ಲ ಪಾಳಿ ಹಚ್ಚಿದರು, ನಾಲ್ಕು ನಾಲ್ಕು ತಾಸಿನದು! ರೋಗಿಯ ಹತ್ತಿರ ಒಬ್ಬರೇ ಇರಬೇಕು ಅನ್ನುವುದು ದವಾಖಾನೆಯ ನಿಯಮ. ಮಧ್ಯಾಹ್ನ ನನ್ನ ಪಾಳಿ. ಹೋದೆ. ಕಾಕಾ ಎದ್ದು ನೆಟ್ಟಗೆ ನಿಂತರು.

"ಸಲೈನ್ ಅರ್ಧ ಉಳದೈತಿ. ಎರಡು ಚಮಚ ಗಂಜಿ ಹೋಗೇತಿ. ಎಡ ಮಗ್ಗಲಾದ್ರ ನೋವು ಅಂತಾಳ. ನಡುನಡುವ ನನ್ನ ಬೈತಾಳ, ಅದು ನಾರ್ಮಲ್."

"ಚಾರ್ಜ್ ತಗೊಂಡೆ ಕಾಕಾ. ಹೋಗಿ ಒಂದೀಟು ಅಡ್ಡಾಗ್ರಿ."

ಕಾಕಾ ಚೀಲ ತಗೊಂಡು ಬಾಗಿಲ ತನಕ ಹೋದರು. ನಿಂತರು. ತಿರುಗಿ ಬಂದು, ಮಂಚದ ಆ ಕಡೆಗಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು.

ನರ್ಸ್ ಬಾಯಿ ಬಂದು ಗದರಿದರು. "ಒಬ್ಬರ ಇರಬೇಕ್ರಿ ಇಲ್ಲೆ. ಯಾರದ ಪಾಳಿ ಈಗ?"

"ಈಕಿದು" ಅಂದರು ಕಾಕಾ, ನನ್ನನ್ನು ತೋರಿಸಿ.

"ಹಂಗಾರ ನೀವ್ಯಾಕ ಕುಂತೀರಿ ಯಜಮಾನ್ರ?"

ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ದನಿ ಸಣ್ಣಗಾಗಿತ್ತು.

"ನಂದು ಡ್ಯೂಟಿ ಮುಗದೈತ್ರಿ. ನಾ ಸುಮ್ನ ಕುಂತೇನಿ. ಆಕಿ ಬಿಟ್ಟು ಇರಾಕ ಆಗವಲ್ದು ನನಗ."

ಕಾಕು ಕಣ್ಣು ಮುಚ್ಚಿಯೇ ಇದ್ದರು. ಆದರೆ ನಿದ್ದೆಯಲ್ಲಿರಲಿಲ್ಲ. ಮುಚ್ಚಿದ ರೆಪ್ಪೆಯಿಂದ ನೀರು ಇಳಿದು ತಲೆದಿಂಬಿಗೆ ಹೋಯಿತು. ಸಲೈನ್ ಚುಚ್ಚಿದ ಕೈ ಮೆಲ್ಲಗೆ ಹಾಸಿಗೆಯ ಮೇಲೆ ಸರಿಯಿತು. ಕಾಕಾ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು.

ಆಪರೇಷನ್ ಚೆನ್ನಾಗಿಯೇ ಆಯಿತು, ಕಾಕು ಈಗ ಮೊದಲಿಗಿಂತ ಜೋರಾಗಿ ಬೈಯುತ್ತಾರೆ. ಆದರೆ ಅವತ್ತು ಅದು ಯಾರಿಗೆ ಗೊತ್ತಿತ್ತು? ನರ್ಸ್ ಬಾಯಿ ಬೇರೆ ಕಡೆ ನೋಡುತ್ತ ನಿಂತಿದ್ದರು. ನಾನು ನರ್ಸ್ ಬಾಯಿಯ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. ಸಲೈನ್ ಎಷ್ಟು ಉಳಿದಿದೆ ಅಂತ ಹೇಳಲಿಲ್ಲ, ಯಾರಿಗೂ ಚಾರ್ಜ್ ಕೊಡಲಿಲ್ಲ.

ಕಾಕಾ ಅದನ್ನು ಗಮನಿಸಲೇ ಇಲ್ಲ.