ಒಂಬತ್ತು ಪದಗಳ ಅರ್ಜಿ

‘ನಿಮ್ಮ ಯೋಜನೆಯನ್ನು ವಿವರಿಸಿ’ ಎಂಬಲ್ಲಿ ಒಟ್ಟು ಒಂಬತ್ತು ಪದಗಳಿದ್ದವು: ಗುಡ್ಡ ಬೋಳು. ಮಣ್ಣು ಹೋಗುತ್ತಿದೆ. ಸಸಿ ಸಿದ್ಧ. ಬೇಲಿ, ನೀರು ಬೇಕು. ಅದರ ಕೆಳಗೆ ಎರಡು ಪುಟ ಖಾಲಿ.

ಬರೆಸಿದವರು ನಮ್ಮತ್ತೆ, ಅಪ್ಪನ ಅಕ್ಕ. ಅವರ ಕೈಗೆ ಸಹಸ್ರನಾಮ ಸಿಕ್ಕಿದ್ದರೆ ದೇವರಿಗೆ ಉಳಿಯುತ್ತಿದ್ದುದು ಎರಡೋ ಮೂರೋ ಹೆಸರು!

ಅತ್ತೆ ಮೂವತ್ತು ವರ್ಷ ಹಿಂದೂಪುರದ ತಂತಿ ಕಚೇರಿಯ ಕಿಟಕಿಯಲ್ಲಿ ಕುಳಿತವರು. ಪದಕ್ಕಿಷ್ಟು ಎಂದು ದುಡ್ಡು ತೆರಬೇಕಾದ ಬಡವರ ಪರವಾಗಿ ಪದ ಹೊಡೆದು ಹಾಕುವುದನ್ನು ವ್ರತದಂತೆ ನಡೆಸಿದರು. ಒಬ್ಬಾತ ‘ಪ್ರೀತಿಯ ತಮ್ಮನಿಗೆ, ಅಮ್ಮ ತೀರಿಕೊಂಡರು, ದಯವಿಟ್ಟು ಕೂಡಲೇ ಹೊರಟು ಬಾ’ ಎಂದು ಕಳಿಸಲು ಬಂದನಂತೆ. ಅತ್ತೆ ‘ಪ್ರೀತಿಯ’ ಹೊಡೆದರು, ‘ದಯವಿಟ್ಟು’ ಹೊಡೆದರು.

“ಅದೊಂದು ಇರ್ಲಿ ಕಣಮ್ಮ, ತಮ್ಮ ಬೇಜಾರ್ ಮಾಡ್ಕೋತಾನೆ.”

“ತಾಯಿ ಸತ್ತವ್ಳೆ ಅಂದ್ರೂ ದಯವಿಟ್ಟು ಅನ್ನಿಸ್ಕೊಂಡು ಬರೋ ಮಗ, ಬರದೇ ಇದ್ರೇನೇ ವಾಸಿ ಕಣಪ್ಪ!”

ಮಾವ ತೀರಿಕೊಂಡಾಗ ಅಪ್ಪನಿಗೆ ಬಂದ ತಂತಿಯಲ್ಲಿ ಎರಡೇ ಪದ: ‘ಹೋದರು. ಬಾ.’ ಕಳಿಸಿದ ಕೈಯೂ ಅತ್ತೆಯದೇ. “ಇವ್ಳು ಗಂಡನಿಗೂ ರಿಯಾಯಿತಿ ಕೊಡ್ಲಿಲ್ಲ” ಎಂದು ಅಪ್ಪ ಅತ್ತರೋ ನಕ್ಕರೋ, ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಓದು ಮುಗಿಸಿ ನಾನು ಅವರ ಮನೆಯಲ್ಲೇ ಇದ್ದೆ. ಗಂಡಿನ ಕಡೆಯವರು ನನ್ನ ವಿಷಯವಾಗಿ ನಾಲ್ಕು ಪುಟದ ಕಾಗದ ಬರೆದರೆ ಅತ್ತೆ ಒಂದು ಕಾರ್ಡಿನಲ್ಲಿ ‘ಒಲ್ಲಳು’ ಎಂದು ಬರೆದು ಡಬ್ಬಿಗೆ ಹಾಕಿ ಬಂದರು. ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಒಂದು ವಾರ ತಡವಾಗಿ.

ಇಂಥವರ ಬಳಿಗೆ 2007ರ ಕೊನೆಯಲ್ಲಿ ಅರ್ಜಿ ಹಿಡಿದು ನಾಗವೇಣಿ ಬಂದಳು! ಕಲ್ಯಾಣದುರ್ಗದಲ್ಲಿ ಡಿಗ್ರಿ ಓದುತ್ತಿದ್ದ ಹುಡುಗಿ; ಅಲ್ಲಿಂದ ಜೀಪಿನಲ್ಲಿ ಹೋಗಬೇಕಾದ ನಮ್ಮ ಅಜ್ಜಿಯ ಊರಿನವಳು. ಊರ ಹಿಂದಿನ ಗುಡ್ಡದಲ್ಲಿ ಮರಗಳೆಲ್ಲ ಹೋಗಿದ್ದವು. ಮಳೆ ಬಂದರೆ ವರ್ಷದ್ದೆಲ್ಲ ಎರಡೇ ದಿನದಲ್ಲಿ ಸುರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತಿತ್ತು. ಅವಳೂ ಅವಳ ಜೊತೆಯವರೂ ಸೇರಿ ಏಳು ಜನ, ಹಾಲಿನ ಖಾಲಿ ಪ್ಯಾಕೆಟ್ಟುಗಳಲ್ಲಿ ಹೊಂಗೆ, ಬೇವು ಎಬ್ಬಿಸಿದ್ದರು. ಮಳೆಗಾಲದವರೆಗೆ ಅವು ಬದುಕಬೇಕಾದರೆ ಬೇಲಿ ಬೇಕು, ಟ್ಯಾಂಕರಿನ ನೀರು ಬೇಕು. ಹವಾಮಾನ ಬದಲಾವಣೆಯ ಬಗ್ಗೆ ಕೆಲಸ ಮಾಡುವ ಯುವಜನರಿಗೆ ಬೆಂಗಳೂರಿನ ಒಂದು ಸಂಸ್ಥೆ ಹಣ ಕೊಡುತ್ತಿತ್ತು. ಅರ್ಜಿ ಕನ್ನಡದಲ್ಲಿ. ಮನೆಯಲ್ಲಿ ಕನ್ನಡವೇ ಆಡಿದರೂ ಏಳು ಜನವೂ ಓದಿದ್ದು ತೆಲುಗಿನಲ್ಲಿ.

“‘ಹವಾಮಾನ ಬದಲಾವಣೆ’ ಅಂತ ಒಂದ್ಕಡೆ ಆದ್ರೂ ಹಾಕ್ಬೇಕಂತಮ್ಮ,” ಎಂದಳು ನಾಗವೇಣಿ, ಮೆಲ್ಲಗೆ.

“ಹವಾ ಬದಲಾಗಿರೋದು ಅವ್ರಿಗೆ ಗೊತ್ತಿಲ್ವೇನೇ? ಗೊತ್ತಿರೋದಕ್ಕೇ ದುಡ್ಡು ಮಡಗವ್ರೆ!”

“ಅದು ಸರೇ ಅಮ್ಮಾ, ನಾವು ಬಿದ್ದ ಪಾಡು...”

“ಸಸಿ ಸಿದ್ಧ ಅಂದ್ಮೇಲೆ ಪಾಡು ಬಿದ್ದೇ ಇರ್ತೀರ ಕಣಮ್ಮ. ಅದನ್ನ ಬೇರೆ ಯಾಕೆ ಬರೆಯೋದು?”

ಎಂಥ ತರ್ಕ! ಎದುರಾಡಲು ಯಾರಿಗೆ ಸಾಧ್ಯ? ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ವಿವರಣೆ ಎರಡು ಪುಟಕ್ಕೆ ಕಡಿಮೆ ಇರಬಾರದು’ ಎಂದಿತ್ತು. ಅತ್ತೆಗೆ ಆ ಅಕ್ಷರ ಕಾಣದು, ನಾಗವೇಣಿಗೆ ಓದಲು ಬಾರದು. ಓದಿದವಳು ನಾನೊಬ್ಬಳೇ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವ ಅಭ್ಯಾಸ ನನಗಿರಲಿಲ್ಲ. ಒಂಬತ್ತೂ ಪದಗಳನ್ನು ಅಂದವಾಗಿ ಬರೆದು ಅಂಚೆಗೆ ಹಾಕಿದೆ.

ಏಪ್ರಿಲ್ಲಿನಲ್ಲಿ ಉತ್ತರ ಬಂತು. ವಿವರಣೆ ಸಾಲದು ಎಂಬುದನ್ನು ಎರಡು ಪುಟ ವಿವರಿಸಿದ್ದರು. “ಎರಡು ಪದಕ್ಕೆ ಎರಡು ಹಾಳೆ! ದಂಡ!” ಎಂದು ಅತ್ತೆ ಕೂಗಾಡಿದರು. ಜೂನಿನೊಳಗೆ ಇನ್ನೊಮ್ಮೆ ಅರ್ಜಿ ಹಾಕಬಹುದು, ಅದೇ ಕೊನೆ, ಎಂದಿತ್ತು.

ಮೇ ತಿಂಗಳಲ್ಲಿ ಪಾವಗಡದ ಮೇಲೆ ಹೋಗುವ ಬಸ್ಸು ಹಿಡಿದು, ಕಲ್ಯಾಣದುರ್ಗದಲ್ಲಿ ಇಳಿದು, ಜೀಪಿನಲ್ಲಿ ಊರಿಗೆ ಹೋದೆವು. ಶಾಲೆಯ ಗೋಡೆಯ ಬದಿಗೆ ಹಾಲಿನ ಪ್ಯಾಕೆಟ್ಟುಗಳು ಇನ್ನೂ ಸಾಲಾಗಿ ನಿಂತಿದ್ದವು. ಒಳಗೆ ಕಡ್ಡಿಗಳು. ಕೊಡದಲ್ಲಿ ಹೊತ್ತು ತಂದ ನೀರು ಸಾಲದೆ ಅರ್ಧ ಹೋಗಿದ್ದವು. ಉಳಿದದ್ದನ್ನು ಮೇಕೆಗಳು ಮುಗಿಸಿದ್ದವು. ಅತ್ತೆ ಬಗ್ಗಿ ಒಂದು ಕಡ್ಡಿ ಮುರಿದು ನೋಡಿದರು. ಒಳಗೂ ಹಸಿರಿರಲಿಲ್ಲ. ಇನ್ನೊಂದು ಮುರಿದರು. ಸಾಲಿನುದ್ದಕ್ಕೂ ಮುರಿಯುತ್ತ ಹೋದರು. ನಾವು ಯಾರೂ ತಡೆಯಲಿಲ್ಲ.

“ಬಿಡಮ್ಮಾ, ಇನ್ನೊಂದ್ಸಲ ಬೀಜ ಹಾಕ್ತೀವಿ,” ಎಂದಳು ನಾಗವೇಣಿ. “ಮೂರು ಜನ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೊಂಟೋದ್ರು. ಈ ಸಲಾನೂ ಹಿಂಗೇ ಆಗ್ಬುಟ್ರೆ ಉಳಿದ ನಾಲ್ಕು ಜನಾನೂ ಹೋಯ್ತೀವಿ. ಆಮೇಲೆ ಗುಡ್ಡದ ಕಡೆ ತಿರುಗಿ ನೋಡೋರು ಯಾರೂ ಇರಾಕಿಲ್ಲ.”

ಅವತ್ತೇ ಹಿಂದೂಪುರಕ್ಕೆ ಮರಳಿದೆವು.

ಮರುದಿನ ತಿಂಡಿಯಾದ ಮೇಲೆ ಅತ್ತೆ, “ಬರ್ಕೋಳೇ,” ಎಂದರು. ಮಧ್ಯಾಹ್ನದ ಊಟ ಆರಿಹೋಯಿತು, ಅವರು ನಿಲ್ಲಿಸಲಿಲ್ಲ. ತಾವು ಲಂಗ ಉಡುತ್ತಿದ್ದ ಕಾಲಕ್ಕೆ ಆ ಗುಡ್ಡದಲ್ಲಿ ಹುಲ್ಲು ಎಷ್ಟು ಎತ್ತರವಿತ್ತು, ಯಾವ ಬಂಡೆಯ ಕೆಳಗೆ ಯಾವ ತಿಂಗಳವರೆಗೆ ನೀರು ಜಿನುಗುತ್ತಿತ್ತು, ನಾಗವೇಣಿಯ ಸೊಂಟದ ಮೇಲೆ ಕೊಡ ಒತ್ತಿ ಆದ ಗಾಯ, ಊರು ಬಿಟ್ಟ ಮೂವರ ಹೆಸರು. ಕೊನೆಗೆ, “ಹೋದ ಅರ್ಜಿ ಬರೆಸಿದವಳು ನಾನು. ತಪ್ಪು ನನ್ನದು, ಮಕ್ಕಳದಲ್ಲ” ಎಂದು ಹೇಳಿ, ತಮ್ಮ ಹೆಸರನ್ನೂ ಬರೆಸಿದರು. ಆರು ಪುಟವಾಗಿತ್ತು.

“ಜಾಸ್ತಿ ಆಯ್ತೇನೇ?” ಎಂದರು, ಹೆದರಿದವರಂತೆ.

“ಇಲ್ಲ ಅತ್ತೆ. ಇನ್ನೂ ಇದ್ರೆ ಹೇಳಿ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೊಬ್ಬಳೇ ಹೊರಟೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಸಹಿ ಹಾಕಲು ಬಂದಿದ್ದ ನಾಗವೇಣಿ ಮತ್ತು ಉಳಿದ ಮೂವರನ್ನೂ ಕೂರಿಸಿ, ನಿಂತುಕೊಂಡು, ಆರು ಪುಟವನ್ನೂ ಗಟ್ಟಿಯಾಗಿ ಓದಿದೆ. ಅತ್ತೆಯ ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಿ, ಆ ಸಣ್ಣ ಅಕ್ಷರಗಳನ್ನು ಅವತ್ತೇ ಓದಿ ಸುಮ್ಮನಿದ್ದವಳು ನಾನು ಎಂದು ನಾಗವೇಣಿಗೆ ಹೇಳಿದೆ. ಆಮೇಲೆ ಪೆನ್ನು ತೆಗೆದು, ಅತ್ತೆಯ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದೆ.