ಅಂದಾನೆಪ್ಪನ ಬೇಳೆ ಬೆಂದದ್ದು

ಅಂದಾನೆಪ್ಪನ ದವಡೆ ಹಲ್ಲಿನ ಚೂರು ಹಾರಿದ್ದು ಕಲ್ಲು ಕಡಿದಲ್ಲ, ತೊಗರಿಬೇಳೆ ಕಡಿದು. ಅಣ್ಣಿಗೇರಿ ಕಡೆಯ ಆ ಊರಿಗೆ ನಳ ಬಂದು ಎರಡು ವರ್ಷವಾಗಿತ್ತು. ಆದರೆ ನಳದಲ್ಲಿ ಬರುತ್ತಿದ್ದದ್ದು ಬೋರಿನ ಸವಳು ನೀರು. ಅದರಲ್ಲಿ ನೊರೆ ಬರುವ ಮೊದಲು ಸಾಬೂನೇ ಮುಗಿದುಹೋಗುತ್ತಿತ್ತು. ಮುಂಜಾನೆ ಒಲೆಗೇರಿಸಿದ ಬೇಳೆ ಸಂಜೆಗೂ ಕಾಳುಕಾಳಾಗಿಯೇ ಕೂತಿರುತ್ತಿತ್ತು. ಅಡಿಗೆಗೂ ಕುಡಿಯಲಿಕ್ಕೂ ಒಂದೂವರೆ ಮೈಲು ದೂರದ ಕೆರೆಯ ಸಿಹಿನೀರೇ ಆಗಬೇಕು. ಹಿಂದಿನ ದಿನ ಅದು ಸಾಲದೆ ನಳದ ನೀರಿನಲ್ಲೇ ಬೇಳೆಗಿಟ್ಟದ್ದರಿಂದ ಹಲ್ಲು ಹೋಯಿತು.

ಹಲ್ಲಿನ ಮಾತು ಬಿಡಿ. ಹೆಂಡತಿ ಸಾವಕ್ಕನ ಕುತ್ತಿಗೆಯದೇ ಅವನಿಗೆ ಚಿಂತೆ. ದಿನಾಲು ಎರಡು ಸಲ ಕೊಡ ಹೊತ್ತು ಹೊತ್ತು ಆಕೆಗೆ ಕುತ್ತಿಗೆ ಹೊರಳುತ್ತಿರಲಿಲ್ಲ. ಯಾರಾದರೂ ಕರೆದರೆ ಎತ್ತಿನಗಾಡಿ ತಿರುಗಿಸಿದಂತೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ಮಂಡಲ ಪಂಚಾಯ್ತಿಗೆ ಆರಿಸಿ ಬಂದ ದಿನವೇ ಅಂದಾನೆಪ್ಪ ಆಕೆಗೆ ಮಾತು ಕೊಟ್ಟಿದ್ದ: ಕೆರೆಯ ನೀರನ್ನು ಪೈಪಿನಲ್ಲಿ ಓಣಿಗೆ ತರುತ್ತೇನೆ ಎಂದು. ಹನ್ನೊಂದು ಅರ್ಜಿ ಬರೆದ ಮೇಲೆ, ಆ ದಿನ ಧಾರವಾಡದಿಂದ ಓವರಸೀಯರ್ ಸಾಹೇಬರು ನೀರು ನೋಡಲು ಬರುವವರಿದ್ದರು. ಊಟ ಅಂದಾನೆಪ್ಪನ ಮನೆಯಲ್ಲೇ.

ಮುರಿದ ಹಲ್ಲನ್ನು ನಾಲಿಗೆಯಿಂದ ಸವರುತ್ತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಇವತ್ತು ಬೇಳೆಗೆ ನಳದ ನೀರೇ ಇಡಬೇಕು, ಕೆರೆಯದು ಒಂದು ಹನಿಯೂ ಬೀಳಕೂಡದು ಎಂದು ಅಪ್ಪಣೆ ಮಾಡಿದ.

“ಬಂದವರ ತಾಟಿನ್ಯಾಗ ಬೇಯಲಾರದ ಬ್ಯಾಳಿ ನೀಡಂತೀರೇನು? ಮಂದಿ ಏನಂದಾರು?” ಎಂದಳು ಸಾವಕ್ಕ.

“ಸಾಹೇಬರ ಹಲ್ಲಿಗೆ ತಿಳೀಲಿ. ಹಲ್ಲಿಗೆ ತಿಳದರ ಕೈ ತಾನ ಸಹಿ ಮಾಡತೈತಿ.”

ಸಾವಕ್ಕ ಗೊಣಗುತ್ತಲೇ ನಳದ ನೀರಿನಲ್ಲಿ ಬೇಳೆಗಿಟ್ಟಳು. ಒಂಬತ್ತಕ್ಕೆ ಅಂದಾನೆಪ್ಪ ಒಂದು ಕಾಳು ಬಾಯಿಗೆ ಹಾಕಿ ನೋಡಿದ. ಅಗದಿ ಗಟ್ಟಿ. ಅವನಿಗಾದ ಖುಷಿ ಅಷ್ಟಿಷ್ಟಲ್ಲ.

ಸುದ್ದಿ ಓಣಿಗೆ ಹಬ್ಬಲು ತಡವಾಗಲಿಲ್ಲ. ಬಾಜು ಮನೆಯ ರಹೀಮಾಬಿ ಬಂದು, ಪರಊರಿನವರಿಗೆ ಇಂಥ ಊಟ ಹಾಕಿದರೆ ಓಣಿಯ ಮರ್ಯಾದೆ ಏನಾದೀತು ಎಂದು ಕೇಳಿದಳು. ಎದುರು ಮನೆಯ ಮುದುಕಿ ಬಸಕ್ಕನೂ ಅದನ್ನೇ ಕೇಳಿದಳು. ಇವರ ಮೇಲೆ ನಂಬಿಕೆ ಸಾಲದೆ ಅಂದಾನೆಪ್ಪ ಒಲೆಯ ಮುಂದೆ ಮಣೆ ಹಾಕಿಕೊಂಡು ತಾನೇ ಕಾವಲಿಗೆ ಕೂತ.

ಕೂಡ್ರಲು ಬಿಟ್ಟರೆ ತಾನೆ? ಹತ್ತಕ್ಕೆ ಬಸಕ್ಕ ಬಂದು, ಚಾವಡಿ ಮುಂದಿನ ನಳ ಕಿತ್ತುಹೋಗಿ ನೀರು ಚಿಮ್ಮುತ್ತಿದೆ ಎಂದಳು. ಓಡಿಹೋಗಿ ನೋಡಿದರೆ ನಳ ತಣ್ಣಗೆ ನಿಂತಿತ್ತು. ಹತ್ತೂವರೆಗೆ ರಹೀಮಾಬಿಯ ಗಂಡ ಬುಡನಸಾಬ ಬಂದು, ಜೀಪು ಊರಬಾಗಿಲ ಅಗಸಿಗೆ ಬಂದಿದೆ ಎಂದ. ಅಗಸಿಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಹನ್ನೊಂದಕ್ಕೆ ಓಣಿಯ ಕೊನೆಯ ಮನೆಯ ದುರ್ಗವ್ವ ಬಂದು, ಪಂಚಾಯ್ತಿಯಲ್ಲಿ ಕರೆಯುತ್ತಿದ್ದಾರೆ ಎಂದಳು. ಅಲ್ಲಿ ಕೀಲಿ ಹಾಕಿತ್ತು. ಬೆವರು ಒರೆಸಿಕೊಳ್ಳುತ್ತ ಮನೆಗೆ ಬರುವಷ್ಟರಲ್ಲಿ ಸಾಹೇಬರ ಜೀಪು ನಿಜವಾಗಿಯೇ ಬಾಗಿಲಲ್ಲಿ ನಿಂತಿತ್ತು.

ಸಾಹೇಬರು ಹಸಿದಿದ್ದರು. ಮೊದಲು ಊಟ, ಆಮೇಲೆ ನೀರು ಎಂದರು. ಓಣಿಯವರೆಲ್ಲ ಕಟ್ಟೆಗೆ ಬಂದು ನಿಂತರು. ಸಾಹೇಬರು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟರು. ಅಂದಾನೆಪ್ಪ ಕಿವಿ ನಿಮಿರಿಸಿ ಕಟುಂ ಎಂಬ ಸಪ್ಪಳಕ್ಕೆ ಕಾದ. ಸಾಹೇಬರು ಕಣ್ಣು ಮುಚ್ಚಿದರು.

“ಬ್ಯಾಳಿ ಬೆಣ್ಣಿ ಆಗೇತಲ್ಲರಿ,” ಎಂದರು.

ಮೂರು ಸಲ ನೀಡಿಸಿಕೊಂಡು ಉಂಡರು. ಕೈ ತೊಳೆದು ಚೀಲದಿಂದ ಎರಡು ಕಾಗದ ತೆಗೆದರು. ಒಂದು ಪರೀಕ್ಷೆಯ ವರದಿ: ನೀರು ಬಹಳ ಗಡಸು ಎಂದು. ಇನ್ನೊಂದು ಕೆರೆಯ ಪೈಪಿಗೆ ಮಂಜೂರಾತಿ. ಅದರಲ್ಲಿ ಅವರ ಸಹಿಯೊಂದೇ ಬಾಕಿ.

“ಊಟಾ ಮುಗಿಸಿ ಸಹಿ ಹಾಕೂಣು ಅಂತನ ಬಂದಿದ್ದೆ. ಈಗ ನಾ ಕಾಗದ ನಂಬಲ್ಯೋ, ನಾಲಿಗಿ ನಂಬಲ್ಯೋ?”

ಇದು ನಳದ ನೀರಲ್ಲ ಎಂದು ಅಂದಾನೆಪ್ಪ ಗೋಗರೆದ. ಸಾಹೇಬರು ಸಾವಕ್ಕನತ್ತ ತಿರುಗಿ, “ಬ್ಯಾಳಿಗೆ ಯಾವ ನೀರು ಇಟ್ಟಿದ್ದಿ ತಂಗಿ?” ಎಂದರು.

“ಇಟ್ಟದ್ದು ನಳದ ನೀರ ರೀ,” ಎಂದಳು ಆಕೆ. ಸುಳ್ಳೇನಲ್ಲ. ಕಟ್ಟೆಯ ಮೇಲಿನವರೆಲ್ಲ ತಮ್ಮ ತಮ್ಮ ಕಾಲಬೆರಳು ನೋಡತೊಡಗಿದರು. ಸಾಹೇಬರು ವರದಿಯ ಮೇಲೆ ‘ನೀರು ಉತ್ತಮ’ ಎಂದು ಬರೆದು, ಮಂಜೂರಾತಿಯನ್ನು ಸಹಿ ಹಾಕದೆಯೇ ಚೀಲಕ್ಕೆ ಸೇರಿಸಿದರು. ಧಾರವಾಡದ ತಮ್ಮ ಮನೆಯಲ್ಲಿ ಬೇಳೆ ಸರಿಯಾಗಿ ಬೇಯುವುದಿಲ್ಲವೆಂದೂ, ಒಂದು ದೊಡ್ಡ ಕ್ಯಾನಿನ ತುಂಬ ಈ ನೀರು ಬೇಕೆಂದೂ ಕೇಳಿದರು.

ಅಂದಾನೆಪ್ಪನಿಗೆ ಹೋದ ಜೀವ ಬಂತು. ತಾನೇ ಓಡಿ ನಳದಿಂದ ಕ್ಯಾನು ತುಂಬಿ ತಂದು ಕಟ್ಟೆಗಿಟ್ಟ. ರಾತ್ರಿ ಸಾಹೇಬರ ಮನೆಯಲ್ಲಿ ಬೇಳೆ ಬೇಯುವುದಿಲ್ಲ, ನಾಳೆ ಅದೇ ಮಂಜೂರಾತಿ ಹಿಡಿದು ಓಡಿ ಬರುತ್ತಾರೆ ಎಂದು ಲೆಕ್ಕ ಹಾಕುತ್ತ ಸಾಹೇಬರಿಗೆ ಎಲೆಅಡಿಕೆ ತರಲು ಹೋದ. ತಂದುಕೊಟ್ಟ. ಜೀಪು ಹೊರಟಿತು.

ಆಮೇಲೆ ಓಣಿಯವರನ್ನು ನಿಲ್ಲಿಸಿ ಕೇಳಿದ. ಒಬ್ಬೊಬ್ಬರೇ ಒಪ್ಪಿಕೊಂಡರು. ರಹೀಮಾಬಿ ಒಂದು ತಂಬಿಗೆ ಕೆರೆ ನೀರು ಹಾಕಿದ್ದಳು. ಅದು ಗೊತ್ತಿಲ್ಲದೆ ದುರ್ಗವ್ವ ಇನ್ನೊಂದು ತಂಬಿಗೆ. ಬಸಕ್ಕ ಒಂದು ಚಿಟಿಕೆ ಸೋಡಾ. ಎಲ್ಲರೂ ಹೊತ್ತು ತಂದ ನೀರು. ಹನಿಹನಿ ಲೆಕ್ಕ ಹಾಕಿ ಬಳಸುವ ನೀರು.

ಬೈಯಬೇಕೆಂದು ಬಾಯಿ ತೆರೆದ ಅಂದಾನೆಪ್ಪ ಬೈಗುಳವನ್ನು ನುಂಗಿಕೊಂಡ. ‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು’ ಎಂದು ಗಾದೆ ಮಾಡಿದವನು ಈ ಓಣಿಯಲ್ಲಿ ಒಂದು ದಿನವೂ ಇದ್ದಿರಲಿಕ್ಕಿಲ್ಲ. ತನ್ನ ಮಾನ ಉಳಿಸಲು ಇವರು ತಮ್ಮ ತಲೆಯ ಮೇಲಿನ ನೀರನ್ನೇ ಸುರಿದಿದ್ದರು. ಕೈ ಮುಗಿದು, ಪುಣ್ಯಾ ಮಾಡಿದ್ದಕ್ಕ ನೀವು ಸಿಕ್ಕೀರಿ ಎಂದ. ಚಿಂತೆ ಮಾಡಬೇಡಿರಿ, ಆ ಕ್ಯಾನಿನ ನೀರೇ ನಾಳೆ ಸಾಹೇಬರಿಗೆ ಬುದ್ಧಿ ಹೇಳುತ್ತದೆ ಎಂದೂ ಸೇರಿಸಿದ.

ಸಾವಕ್ಕ ಇಡೀ ಮೈ ತಿರುಗಿಸಿ ಅವನತ್ತ ನೋಡಿದಳು.

“ಆ ನೀರು ನಾ ಚೆಲ್ಲಿದ್ನಿರಿ. ನಮ್ಮ ಎರಡೂ ಕೊಡದ ಕೆರಿ ನೀರು ತುಂಬಿ ಕಳಿಸೇನಿ. ತಂಗಿ ಅಂದ ಮನಶಾನ ಕೈಯಾಗ ಸವಳ ನೀರು ಕೊಟ್ಟು ಕಳಸೂದು ಹ್ಯಾಂಗ?”

ಅಂದಾನೆಪ್ಪ ಆಕೆಯ ಕುತ್ತಿಗೆ ನೋಡಿದ, ಬರಿದಾದ ಕೊಡಗಳನ್ನು ನೋಡಿದ. ಮನೆಯಲ್ಲಿ ಕುಡಿಯಲು ಒಂದು ಹನಿ ಇರಲಿಲ್ಲ. ಕೊಡ ಎತ್ತಿಕೊಳ್ಳಲು ಬಂದವಳನ್ನು ಕೂಡ್ರಿಸಿ ತಾನೇ ಹೆಗಲಿಗೇರಿಸಿ ಕೆರೆಯ ದಾರಿ ಹಿಡಿದ.

ಹಿಂದಿನಿಂದ ರಹೀಮಾಬಿ ಕೂಗಿ ಹೇಳಿದಳು: “ಅಣ್ಣಾ, ಇನ್ನೊಂದು ಕೊಡಾ ಒಯ್ಯಿ. ನೀ ಎಲಿಅಡಕಿ ತರಾಕ ಹೋದಾಗ ಸಾಹೇಬರು ಹೇಳ್ಯಾರ, ನಾಳೆ ದೊಡ್ಡ ಸಾಹೇಬರನ್ನೂ ಊಟಕ್ಕ ಕರಕೊಂಡು ಬರತಾರಂತ.”