ಕಾಲರಿಗೆ ಸಿಕ್ಕಿಸಿದ ಮೈಕು

ಪರದೆ ಅಂಗಡಿಯ ಯಜಮಾನರಿಗೆ ಕಿವಿ ಮಂದ. ಮಗಳು ಬ್ಲೂಟೂತ್ ಕಿವಿಯಂತ್ರ ತಂದುಕೊಟ್ಟಿದ್ದಳು. ಜೊತೆಗೆ ಹೆಬ್ಬೆಟ್ಟಿನಷ್ಟು ಮೈಕು. ಅದನ್ನು ಮಾತಾಡುವವರ ಕಾಲರಿಗೆ ಸಿಕ್ಕಿಸಿದರೆ ಸಾಕು, ತಂತಿಯಿಲ್ಲ ಗಿಂತಿಯಿಲ್ಲ, ಮಾತು ನೇರ ಯಜಮಾನರ ಕಿವಿಗೆ.

ಬೆಳಿಗ್ಗೆ ಸೇಲ್ಸ್‌ಮನ್ ಕಾಲರಿಗೆ ಸಿಕ್ಕಿಸಿ, "ಹೊಸ ಅಂಗಡಿ ಯಾರ ಕೈಗೆ ಅಂತ ಸಂಜೆ ಹೇಳ್ತೀನಿ. ನಿಂಗೆ ಕೊಟ್ರೆ ನಿಭಾಯಿಸ್ತೀಯಾ?" ಅಂದರು.

ನಿಭಾಯಿಸದೆ ಏನು? ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತು ಅವನ ಕಾಲು ಕಂಬವಾಗಿತ್ತು. ಹೊಸ ಅಂಗಡಿಯಲ್ಲಿ ಕುರ್ಚಿ ಇತ್ತು. ತಲೆ ಆಡಿಸುವಷ್ಟರಲ್ಲಿ ಮಾಲಿನ ಲಾರಿ ಬಂತು. ಯಜಮಾನರು ಬೀದಿ ತುದಿಗೆ ಓಡಿದರು. ಮೈಕು ಕಾಲರಿನಲ್ಲೇ ಉಳಿಯಿತು.

ಈ ದಡ್ಡ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಗೋದಾಮಿಗೆ ಹೋದವನೇ, ಕಿಟಕಿಗಳ ಅಳತೆ ತೆಗೆಯುವ ಹುಡುಗನ ಮುಂದೆ ಯಜಮಾನರಂತೆ ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸಿದ. "ಜಿಪುಣ ಮುದುಕ! ಕಿಟಕಿಯಿಂದ ಬರೋ ಗಾಳಿಗೂ ಬಿಲ್ ಹಾಕ್ತಾನೆ!"

ಅಳತೆಯವನು ನಗಲಿಲ್ಲ. "ಅಣ್ಣಾ, ನಿನ್ನ ಕಾಲರಲ್ಲಿ ಏನೋ ನೀಲಿಯಾಗಿ ಮಿಣುಕ್ತಿದೆ."

ಸೇಲ್ಸ್‌ಮನ್ ಮುಖ ಒಗೆದು ಹಿಂಡಿದ ಬೆಡ್‌ಶೀಟಿನಂತಾಯಿತು.

"ಕಿತ್ತು ಹಾಕಣ್ಣ."

"ಕಿತ್ರೆ ತಪ್ಪು ಒಪ್ಪಿಕೊಂಡಂಗೆ ಕಣೋ! ಬೈದಿದ್ದನ್ನ ಹೊಗಳಿ ಹೊಗಳಿ ಅಳಿಸ್ಬೇಕು."

ಗಲ್ಲಾದ ಮೇಲಿದ್ದ ಅಕ್ಕ ಬೇರೆ ಬುದ್ಧಿ ಹೇಳಿದಳು: "ಮೂವತ್ತು ಅಡಿ ದಾಟಿದ್ರೆ ಅದು ಕೇಳ್ಸಲ್ಲ ಕಣೋ. ಹೊಗಳೋದಾದ್ರೆ ಹತ್ರದಲ್ಲೇ ಇದ್ದು ಹೊಗಳು."

ಇವನ ತಲೆಗೆ ಹೊಕ್ಕಿದ್ದು ಕೊನೆಯ ಮಾತಷ್ಟೇ. ಯಜಮಾನರು ಅಂಗಡಿಗೆ ವಾಪಸ್ಸು ಬಂದದ್ದೇ ತಡ, ಶುರುವಾಯಿತು. ಗಿರಾಕಿ ಹೆಂಗಸು, "ಈ ಹಸಿರು ಪರದೆ ಬಣ್ಣ ಬಿಡುತ್ತಾ?" ಅಂದರೆ, ಇವನು ಕಾಲರಿಗೆ ಬಾಯಿಟ್ಟು, "ನಮ್ಮ ಯಜಮಾನ್ರ ಮನಸ್ಸು ಅಪ್ಪಟ ಚಿನ್ನ!" ಅಂದ. ಆಕೆ ಚೀಲ ಎದೆಗವಚಿಕೊಂಡು ಹೊರಗೋಡಿದಳು. ಯಜಮಾನರು ಪಾಯಿಖಾನೆಗೆ ಹೋದರೆ ಬಾಗಿಲಾಚೆ ನಿಂತು, "ಏನು ಗಾಂಭೀರ್ಯ! ಏನು ಧಾರಾಳ!" ಅಂದ. ಒಳಗೆ ನಲ್ಲಿಯ ಸದ್ದು ಥಟ್ಟನೆ ನಿಂತಿತು.

ಊಟವಾದ ಮೇಲೆ ಯಜಮಾನರು ಹಿಂದಿನ ಕೋಣೆಯಲ್ಲಿ ಅಡ್ಡಾದರು. ಇವನು ಹೊರಗೆ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಂದೇ ಸಮ ಗುಣಗಾನ ಮಾಡಿದ. ಪಕ್ಕದ ಚಪ್ಪಲಿ ಅಂಗಡಿಯಾತ ನೋಡಿ, "ಪಾಪ, ಪಿತ್ತ ನೆತ್ತಿಗೇರಿದೆ" ಎಂದು ಒಂದು ಬಕೆಟ್ ನೀರು ಸುರಿದ. ಹಾಳಾದ ಮೈಕು ಮಾತ್ರ ಮಿಣುಕುತ್ತಲೇ ಇತ್ತು.

ಸಂಜೆ ಯಜಮಾನರು ಎಲ್ಲರನ್ನೂ ಕರೆದರು. "ಹೊಸ ಅಂಗಡಿ ಅಳತೆಯವನಿಗೆ."

ಸೇಲ್ಸ್‌ಮನ್ ಕೈ ಮುಗಿದ. "ಯಜಮಾನ್ರೇ... ಬೆಳಿಗ್ಗೆ ಗೋದಾಮಲ್ಲಿ ನಾನು ಅಂದಿದ್ದು..."

"ಬೆಳಿಗ್ಗೆ ಏನಂದ್ಯೋ? ಲಾರಿ ಹತ್ರ ಇದ್ದೆ, ಒಂದಕ್ಷರ ಕೇಳ್ಸಿಲ್ಲ. ನಿಂಗೇ ಕೊಡೋಣ ಅಂತಲೇ ಇದ್ದೆ. ಆಮೇಲೆ ಕೇಳಿಸ್ತಲ್ಲಪ್ಪಾ! ಕಟ್ಕೊಂಡ ಹೆಂಡ್ತಿ ಕೂಡ ನನ್ನನ್ನ ಹಿಂಗೆ ಹೊಗಳಿಲ್ಲ. ಹೊಸ ಅಂಗಡಿ ಎರಡು ಬೀದಿ ಆಚೆ. ಅಲ್ಲಿಂದ ನಿನ್ನ ಮಾತು ನನ್ನ ಕಿವಿ ತನಕ ಬರುತ್ತಾ? ನೀನು ಈ ಕೌಂಟರ್ ಬಿಟ್ಟು ಅಲ್ಲಾಡಬೇಡ."

ಯಜಮಾನರು ಅವನ ಒದ್ದೆ ಕಾಲರಿನ ಮೈಕನ್ನು ಪ್ರೀತಿಯಿಂದ ನೆಟ್ಟಗೆ ಮಾಡಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಹೂಂ. ಅದೇನೋ ಧಾರಾಳ ಅಂತಿದ್ದೆಯಲ್ಲ, ಅಲ್ಲಿಂದ ಮುಂದುವರಿಸು."